ಚೀಟಿಯಲ್ಲಿ ಕಾಯಿಲೆಯ ಹೆಸರೇ ಇರಲಿಲ್ಲ

ಮಾನ್ಯ ಸಂಪಾದಕರೇ,

ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಅಕ್ಟೋಬರ್ 10ಕ್ಕೆ ನಿಮ್ಮ ಪತ್ರಿಕೆಯಲ್ಲಿ ಒಂದಿಡೀ ಪುಟ ಬಂದಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ, ಊದುಬತ್ತಿ ಹಚ್ಚಿ ಕೂತವನು ಮೊದಲು ಓದಿದ್ದೇ ಅದನ್ನು. ಶುಂಠಿ ಹಾಕಿ ಕೈ ಸುಟ್ಟುಕೊಂಡ ರೈತರ ಬಗ್ಗೆ ಬರೆದಿದ್ದಿರಿ. ಪರೀಕ್ಷೆ ಅಂದರೆ ಊಟ ಬಿಡುವ ಪಿಯುಸಿ ಮಕ್ಕಳ ಬಗ್ಗೆ ಬರೆದಿದ್ದಿರಿ. ಹೆರಿಗೆಯಾದ ಮೇಲೆ ಮಂಕಾಗುವ ಬಾಣಂತಿಯರು, ಮಕ್ಕಳೆಲ್ಲ ಬೆಂಗಳೂರು ಸೇರಿ ತೋಟದ ಮನೆಯಲ್ಲಿ ಒಂಟಿಯಾದ ಅಜ್ಜ ಅಜ್ಜಿಯರು, ಎಲ್ಲ ಇತ್ತು. ಓದಿ ಖುಷಿಯಾಯಿತು. ಆದರೆ ನಾನು ಹುಡುಕುತ್ತಿದ್ದ ಒಂದು ಸಾಲು ಸಿಗಲಿಲ್ಲ. ಗಿರಾಕಿ ಬರುವ ಮೊದಲು ಇನ್ನೊಂದು ಸಲ ಮೇಲಿಂದ ಕೆಳಗೆ ಓದಿದೆ. ಇರಲಿಲ್ಲ.

ಗಂಡಸರನ್ನೇ ಇಷ್ಟಪಡುವ ಗಂಡುಮಕ್ಕಳು, ಹೆಂಗಸರನ್ನೇ ಇಷ್ಟಪಡುವ ಹೆಣ್ಣುಮಕ್ಕಳು, ಗಂಡು ಅಂತ ಬೆಳೆಸಿದರೂ ತಾನು ಹೆಣ್ಣು ಅಂತ ಒಳಗೆ ಗೊತ್ತಿರುವವರು, ಹೆಣ್ಣು ಅಂತ ಬೆಳೆಸಿದರೂ ತಾನು ಗಂಡು ಅಂತ ಗೊತ್ತಿರುವವರು. ಈಗ ಇವರನ್ನೆಲ್ಲ ಸೇರಿಸಿ ಎಲ್‌ಜಿಬಿಟಿ ಅನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಅಂತ ಬರೆಯುತ್ತಾರೆ. ಊರಲ್ಲಿ ಏನಂತ ಕರೆಯುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ಇಲ್ಲಿ ಬರೆಯುವುದು ಬೇಡ. ಇವರ ಮನಸ್ಸಿನ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಈ ಪತ್ರ. ಸ್ವಲ್ಪ ಉದ್ದವಾಗುತ್ತೆ. ದಯವಿಟ್ಟು ಕತ್ತರಿಸಬೇಡಿ.

ನಾನು ಹಾಸನ ಜಿಲ್ಲೆಯ ಮಲೆನಾಡು ಕಡೆಯ ಒಂದು ತಾಲ್ಲೂಕಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಡಿ.ಫಾರ್ಮ ಓದಿ 1999ರಲ್ಲಿ ಶುರು ಮಾಡಿದ ಅಂಗಡಿ. ನನ್ನ ಹೆಸರು, ಊರ ಹೆಸರು ಹಾಕಬೇಡಿ ಅಂತ ಬೇರೆ ಹಾಳೆಯಲ್ಲಿ ಕೇಳಿಕೊಂಡಿದ್ದೇನೆ. ನನಗೇನೂ ಹೆದರಿಕೆ ಇಲ್ಲ. ಆದರೆ ನನ್ನ ಹೆಸರು ಬಂದರೆ, ನಾನು ಬರೆಯುತ್ತಿರುವ ಹುಡುಗ ಯಾರ ಮನೆಯವನು ಅಂತ ಮಧ್ಯಾಹ್ನದೊಳಗೆ ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತಾಗುತ್ತೆ. ಅವನು ನನ್ನ ಅಕ್ಕನ ಮಗ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಮಾವ, ಅಮ್ಮಂಗೆ ತೊಂದರೆ ಆಗದಂಗೆ ಬರೀರಿ" ಅಂದ.

ಸಣ್ಣ ಊರಿನ ಮೆಡಿಕಲ್ ಅಂಗಡಿಯವನಿಗೆ ಊರಿನ ಗುಟ್ಟು ಅರ್ಧ ಗೊತ್ತಿರುತ್ತೆ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಫಿಟ್ಸ್ ಮಾತ್ರೆ ಹೋಗುತ್ತೆ, ಮದುವೆಯಾಗಬೇಕಾದ ಹುಡುಗಿಗೆ ಥೈರಾಯ್ಡ್ ಇದೆಯಾ, ಎಲ್ಲ ನಮ್ಮ ಕೌಂಟರ್ ಮುಂದೆ ಬಂದು ನಿಲ್ಲುತ್ತೆ. ಅದಕ್ಕೇ ನಾವು ಎಷ್ಟೋ ಸಾಮಾನನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತೇವೆ. ಇಷ್ಟೆಲ್ಲ ಗೊತ್ತಿದ್ದ ನನಗೆ ನನ್ನ ಅಕ್ಕನ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಗೊತ್ತಾಗಲಿಲ್ಲ.

2019ರ ದಸರಾ ರಜೆ. ಹುಡುಗನಿಗೆ ಆಗ ಇಪ್ಪತ್ತೊಂದು. ಹಾಸನದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದ. ರಜೆಗೆ ಮನೆಗೆ ಬಂದಾಗ ಭಾವ ಅವನ ಫೋನ್ ನೋಡಿದರು. ಇನ್ನೊಬ್ಬ ಹುಡುಗನಿಗೆ ಕಳಿಸಿದ ಮೆಸೇಜುಗಳು ಅದರಲ್ಲಿದ್ದವು. ಅವತ್ತು ರಾತ್ರಿ ಆ ಮನೆಯಲ್ಲಿ ಏನಾಯಿತು ಅನ್ನುವುದು ನನಗೆ ತಿಳಿದದ್ದು ಎಷ್ಟೋ ದಿನ ಆದಮೇಲೆ. ನನಗೆ ಹೇಳಿದ್ದು, "ಹುಡುಗ ಯಾಕೋ ಸರಿಯಿಲ್ಲ, ಓದಿನ ಮೇಲೆ ಮನಸ್ಸಿಲ್ಲ" ಅಂತ ಅಷ್ಟೇ. ಒಂದು ಕಡೆ ಪ್ರಶ್ನೆ ಕೇಳಿಸಿದರು. ತಾಯಿತ ಕಟ್ಟಿಸಿದರು. ಹಾಸನಾಂಬೆ ಬಾಗಿಲು ತೆಗೆದಾಗ ಅಕ್ಕ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಹರಕೆ ಹೊತ್ತಳು. ಆಮೇಲೆ ಬೇರೆ ಊರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಬರೆದ ಚೀಟಿ ನನ್ನ ಅಂಗಡಿಗೆ ಬಂತು.

ಮೂರು ಮಾತ್ರೆ ಇತ್ತು. ಒಂದು ನಿದ್ದೆಗೆ. ಒಂದು ಖಿನ್ನತೆಗೆ. ಇನ್ನೊಂದು, ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತೆ, ಇಲ್ಲದ್ದು ಕಾಣುತ್ತೆ ಅನ್ನುವವರಿಗೆ ಕೊಡುವಂಥದ್ದು. ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ನಾನು ಕೇಳಲೂ ಇಲ್ಲ. ಡಾಕ್ಟರು ಬರೆದಿದ್ದಾರೆ, ನಾನು ಕೊಡುವವನು. ತಿಂಗಳು ತಿಂಗಳು ಕಟ್ಟಿ ಕೊಟ್ಟೆ. ದುಡ್ಡೂ ತಗೊಂಡೆ. ಕೆಲವು ನಿದ್ದೆ ಮಾತ್ರೆಗಳು ಎಚ್-1 ಪಟ್ಟಿಯಲ್ಲಿ ಬರುತ್ತವೆ. ಅದನ್ನು ಕೊಟ್ಟಾಗ ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು. ಆ ರಿಜಿಸ್ಟರಿನಲ್ಲಿ ನನ್ನ ಅಕ್ಕನ ಮಗನ ಹೆಸರು ನನ್ನದೇ ಕೈಬರಹದಲ್ಲಿ ಏಳು ಸಲ ಇದೆ. ಮೂರು ವರ್ಷ ಇಟ್ಟುಕೊಂಡರೆ ಸಾಕು ಅನ್ನುತ್ತೆ ಕಾನೂನು. ನಾನು ಇವತ್ತಿಗೂ ಅದನ್ನು ಎಸೆದಿಲ್ಲ.

ಏಳನೇ ಸಲ ಅವನು ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಲಾಕ್‌ಡೌನ್. ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ಮೆಡಿಕಲ್ ಅಂಗಡಿ ಮಾತ್ರ ತೆಗೆದಿರುತ್ತಿತ್ತು. ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದೆವು. ಅವನು ಒಂದು ವೃತ್ತದೊಳಗೆ ಬಂದು ನಿಂತ. ಆರು ತಿಂಗಳಲ್ಲಿ ತುಂಬಾ ದಪ್ಪ ಆಗಿದ್ದ. ಮುಖ ಊದಿತ್ತು. ಚೀಟಿ ಕೊಡುವಾಗ ಕೈ ನಡುಗುತ್ತಿತ್ತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದ. ಸಣ್ಣವನಿದ್ದಾಗಿಂದ ಇಸ್ತ್ರಿ ಇಲ್ಲದ ಬಟ್ಟೆ ಹಾಕದ ಹುಡುಗ ಅವನು.

"ಮಾವ, ಈ ಮಾತ್ರೆ ಯಾವ ಕಾಯ್ಲೆಗೆ?" ಅಂತ ಕೇಳಿದ.

"ನಿದ್ದೆಗೆ, ಮನಸ್ಸಿಗೆ ಸ್ವಲ್ಪ ಸಮಾಧಾನಕ್ಕೆ" ಅಂದೆ.

"ನಂಗೆ ಯಾವ ಕಾಯ್ಲೆ ಅಂತ ಬರ್ದಿದಾರೆ? ನೋಡಿ ಹೇಳಿ."

ಚೀಟಿ ನೋಡಿದೆ. ಹೆಸರು ಇತ್ತು, ವಯಸ್ಸು ಇತ್ತು, ತಾರೀಕು ಇತ್ತು. ಕಾಯಿಲೆ ಏನು ಅಂತ ಬರೆಯುವ ಜಾಗ ಖಾಲಿ ಇತ್ತು. ಆರು ಸಲ ಆ ಚೀಟಿ ನನ್ನ ಕೈಗೆ ಬಂದಿದೆ, ನಾನು ಆ ಜಾಗ ನೋಡಿರಲಿಲ್ಲ.

ಆಗ ಅವನು ಹೇಳಿದ. ಮಾಸ್ಕ್ ಹಾಕಿಕೊಂಡಿದ್ದ, ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಹುಡುಗರನ್ನ ಇಷ್ಟಪಡ್ತೀನಿ ಮಾವ, ಅದಕ್ಕೆ ಈ ಮಾತ್ರೆ, ಅಂದ. ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. "ಈಗ ಮನೆಗೆ ಹೋಗು, ಆಮೇಲೆ ಮಾತಾಡೋಣ" ಅಂದೆ. ಮಾತ್ರೆಯನ್ನೂ ಕಟ್ಟಿ ಕೊಟ್ಟೆ. ಆಮೇಲೆ ಮಾತಾಡಲಿಲ್ಲ. ಏನು ಮಾತಾಡಬೇಕು ಅಂತ ನನಗೆ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಒಂದು ರಾತ್ರಿ, ಜೋರು ಮಳೆ, ಅಕ್ಕ ಫೋನ್ ಮಾಡಿದಳು. ಏನಾಗಿತ್ತು ಅನ್ನುವುದನ್ನು ಬರೆಯುವುದಿಲ್ಲ. ಅವನು ಉಳಿದುಕೊಂಡ. ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಒಬ್ಬರು "ಏನ್ ಲವ್ ಕೇಸಾ?" ಅಂತ ಕೇಳಿದರು. ಭಾವ ಹೂಂ ಅಂದರು. "ಹುಡುಗಿ ಯಾವ ಜಾತಿ?" ಅಂತ ಕೇಳಿದರು. ಭಾವ ಸುಮ್ಮನಾದರು. ಮಂಚದ ಮೇಲೆ ಮಲಗಿದ್ದ ಹುಡುಗ ಕಣ್ಣು ಮುಚ್ಚಿಕೊಂಡ. ಕೊನೆಗೆ ಕಾಗದದಲ್ಲಿ ಪರೀಕ್ಷೆಯ ಚಿಂತೆ ಅಂತ ಬರೆಸಿದರು. ಸಾವಿನ ಬಾಗಿಲಿಗೆ ಹೋಗಿ ಬಂದವನು ತನಗೆ ಏನು ನೋವು ಅಂತ ನಿಜ ಹೇಳುವ ಹಾಗಿರಲಿಲ್ಲ.

ಓಡಾಟ ಸಲೀಸಾದ ಮೇಲೆ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಪರಿಚಯದವರೊಬ್ಬರು ಹೇಳಿದ ಮನೋವೈದ್ಯೆ. ಅಕ್ಕ, ಭಾವ, ಹುಡುಗನ ತಂಗಿ, ನಾನು, ಎಲ್ಲ ಹೋಗಿದ್ದೆವು. ಆ ತಾಯಿ ನಮ್ಮೆಲ್ಲರನ್ನೂ ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು, ಹುಡುಗನೊಬ್ಬನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ಒಂದು ವರ್ಷದಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಆಮೇಲೆ ನಮ್ಮನ್ನು ಕರೆದರು. ನಿಮ್ಮ ಮಗನಿಗೆ ಖಿನ್ನತೆ ಇದೆ, ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತೆ. ಅವನು ಹುಡುಗರನ್ನು ಇಷ್ಟಪಡುವುದು ಕಾಯಿಲೆ ಅಲ್ಲ, ಅದಕ್ಕೆ ಚಿಕಿತ್ಸೆ ಇಲ್ಲ, ಬೇಕಾಗೂ ಇಲ್ಲ. ಹೀಗೆ ಬಿಡಿಸಿ ಹೇಳಿದರು.

"ಒಂದು ಮದುವೆ ಮಾಡಿದ್ರೆ ಸರಿ ಹೋಗಲ್ವಾ ಮೇಡಂ?" ಅಂತ ಭಾವ ಕೇಳಿದರು. ಅವರು ಬಾಗಿಲ ಕಡೆ ನೋಡಿ, "ಹೊರಗೆ ಕೂತಿರೋದು ನಿಮ್ಮ ಮಗಳಾ? ಅವಳನ್ನ ಇಂಥ ಒಬ್ಬ ಹುಡುಗನಿಗೆ, ಮದುವೆ ಆದ್ರೆ ಸರಿ ಹೋಗ್ತಾನೆ ಅಂತ ಹೇಳಿ ಕೊಡ್ತೀರಾ?" ಅಂದರು. ಭಾವ ವಾಪಸ್ ಬರುವಾಗ ಚನ್ನರಾಯಪಟ್ಟಣದವರೆಗೆ ಬಾಯಿ ಬಿಡಲಿಲ್ಲ.

ಮಾತ್ರೆ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಖಿನ್ನತೆಗೆ ಮಾತ್ರೆ ಬೇಕಾದರೆ ತೆಗೆದುಕೊಳ್ಳಲೇಬೇಕು. ನನ್ನ ಅಕ್ಕನ ಮಗ ಈಗಲೂ ಒಂದು ತೆಗೆದುಕೊಳ್ಳುತ್ತಾನೆ, ಅದರಿಂದ ಅವನಿಗೆ ಒಳ್ಳೆಯದಾಗಿದೆ. ಈ ಪತ್ರ ಓದಿ ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಾನು ಹೇಳುವುದು, ಇಲ್ಲದ ಕಾಯಿಲೆಗೆ ಕೊಡುವ ಮಾತ್ರೆಯ ಬಗ್ಗೆ.

ಇದನ್ನೆಲ್ಲ ನಾನು ಆಮೇಲೆ ಕೂತು ಓದಿದೆ. ಓದಿದಷ್ಟೂ ಹೊಟ್ಟೆ ಉರಿಯಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ಕ್ಕೆ. ನಾನಾಗ ಒಂಬತ್ತನೇ ಕ್ಲಾಸ್ ಪಾಸಾಗಿ ಬೇಸಿಗೆ ರಜೆಯಲ್ಲಿ ಹೇಮಾವತಿಯಲ್ಲಿ ಈಜು ಕಲಿಯುತ್ತಿದ್ದೆ. ಅಷ್ಟು ಹಳೇ ವಿಷಯ. ನಮ್ಮ ದೇಶದ ಮನೋವೈದ್ಯರ ಸಂಘವೇ 2018ರಲ್ಲಿ ಇದು ಕಾಯಿಲೆ ಅಲ್ಲ ಅಂತ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಒಟ್ಟಿಗಿದ್ದರೆ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಪ್ರಕಾರ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಲೈಂಗಿಕ ಒಲವು ನೋಡಿ ಯಾರಿಗೂ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತ ಅದರಲ್ಲಿ ಬರೆದೇ ಇದೆ. ಊರಿನ ನಡಾವಳಿಗೆ ಒಬ್ಬ ಮನುಷ್ಯ ಹೊಂದಲಿಲ್ಲ ಅನ್ನುವ ಕಾರಣಕ್ಕೆ ಅವನನ್ನು ಮಾನಸಿಕ ರೋಗಿ ಅನ್ನಬಾರದು ಅಂತಲೂ ಇದೆ. ಅಂದರೆ ನನ್ನ ಅಕ್ಕನ ಮಗನಿಗೆ ಆ ಚೀಟಿ ಬರೆಯುವ ಹೊತ್ತಿಗೆ ಇದೆಲ್ಲ ಆಗಿ ಹೋಗಿತ್ತು. ಡಾಕ್ಟರಿಗೆ ಗೊತ್ತಿರಬೇಕಿತ್ತು. ನನಗೂ ಗೊತ್ತಿರಬೇಕಿತ್ತು.

2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಹೆಣ್ಣುಮಕ್ಕಳ ಕೇಸು ಬಂತು. ಮನೆಯವರ ಕಾಟಕ್ಕೆ ಮಧುರೈ ಬಿಟ್ಟು ಚೆನ್ನೈಗೆ ಓಡಿ ಬಂದಿದ್ದವರು. ಆ ನ್ಯಾಯಮೂರ್ತಿಗಳು, ಈ ವಿಷಯ ನನಗೇ ಪೂರ್ತಿ ಅರ್ಥ ಆಗಿಲ್ಲ ಅಂತ ಒಪ್ಪಿಕೊಂಡು, ತಾವೇ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕೂತು ತಿಳಿದುಕೊಂಡು, ಆಮೇಲೆ ಆದೇಶ ಬರೆದರು. ಇವರನ್ನು 'ಸರಿ ಮಾಡುತ್ತೇವೆ' ಅಂತ ಹೇಳಿ ಚಿಕಿತ್ಸೆ ಕೊಡಬಾರದು ಅಂದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಪತ್ರ ಬರೆದು, ಅಂಥ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ ತಿಳಿಸಿತು. ಹೈಕೋರ್ಟಿನ ನ್ಯಾಯಮೂರ್ತಿ ಕಲಿಯೋಕೆ ಕೂತರು ಅಂದಮೇಲೆ ನಾವು ಕಲಿಯೋಕೆ ಯಾಕೆ ಹಿಂಜರಿಯಬೇಕು?

ಕಾನೂನು ಒಂದು ಕಡೆ. ನಮ್ಮ ತಾಲ್ಲೂಕಿನಲ್ಲಿ ಏನಾಗುತ್ತೆ ಹೇಳುತ್ತೇನೆ.

ಬೆಂಗಳೂರಿನ ಡಾಕ್ಟರು, ಪ್ರತಿ ಸಲ ಇಲ್ಲಿಗೆ ಬರಬೇಕಾಗಿಲ್ಲ, ನಿಮ್ಮ ಕಡೆ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ತೋರಿಸಿ ಅಂದರು. ಒಳ್ಳೆಯ ಯೋಜನೆ ಅದು, ಎಷ್ಟೋ ಬಡವರಿಗೆ ಅದೇ ದಿಕ್ಕು. ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಹೆಸರು, ತಂದೆ ಹೆಸರು, ಊರು ಕೇಳಿದರು. ಊರು ಹೇಳಿದ ಕೂಡಲೇ, "ಓ, ಅವರ ಮನೆಯವನಾ?" ಅಂದರು. ನಮ್ಮ ಕಡೆ ಮೊದಲು ಕೇಳುವ ಮಾತೇ ಅದು ಅಲ್ವಾ, ಯಾರ ಮನೆಯವನು ಅಂತ. ಬೇರೆ ಹೊತ್ತಿನಲ್ಲಿ ಅದು ಪ್ರೀತಿಯ ಮಾತು. ಆ ಕಿಟಕಿಯ ಮುಂದೆ ಅದೇ ಮಾತಿಗೆ ಹುಡುಗ ಬೆವತು ಹೋದ. "ಮಂಗಳವಾರದ ಡಾಕ್ಟ್ರಿಗಾ?" ಅಂತ ಗಟ್ಟಿಯಾಗಿ ಕೇಳಿದರು. ಹಿಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಬೆಂಚಿನ ಮೇಲೆ, ಗೋಡೆ ಪಕ್ಕ, ಮೂವತ್ತಕ್ಕೂ ಜಾಸ್ತಿ ಜನ. ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ರೋಗಿ ಕುರ್ಚಿ ಮೇಲೆ, ಇನ್ನೊಬ್ಬ ರೋಗಿ ಅವನ ಬೆನ್ನ ಹಿಂದೆ, ಜೊತೆಗೆ ಬಂದ ಹೆಂಗಸರು ಮೂವರು. ಕುರ್ಚಿಯಲ್ಲಿ ಕೂತವರ ಮಾತು ನಮಗೂ ಕೇಳುತ್ತಿತ್ತು. ಗಂಡ ಹೊಡೆಯುವುದನ್ನು ಒಬ್ಬ ತಾಯಿ ಅಳುತ್ತಾ ಹೇಳುತ್ತಿದ್ದರು, ಇಡೀ ವರಾಂಡ ಕೇಳಿಸಿಕೊಳ್ಳುತ್ತಿತ್ತು. ಆ ಡಾಕ್ಟರು ಒಳ್ಳೆಯವರೇ ಇರಬಹುದು, ಅವರೊಬ್ಬರೇ ಏನು ಮಾಡುತ್ತಾರೆ? ಹುಡುಗ ನನ್ನ ಕೈ ಹಿಡಿದು, "ಮಾವ, ಹೋಗಾಣ" ಅಂದ. ಹೊರಟು ಬಂದೆವು. ಅಲ್ಲಿಂದ ಇಲ್ಲಿಯವರೆಗೂ ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಡಾಕ್ಟರ ಹತ್ತಿರವೇ ಹೋಗುತ್ತಾನೆ. ಮನೆಯಲ್ಲಿದ್ದಷ್ಟು ದಿನ ಅದಕ್ಕಾಗಿ ಇನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ ಓಡಾಡಿದ. ಕೊನೆಗೆ ಕೆಲಸವನ್ನೂ ಅಲ್ಲೇ ಹುಡುಕಿಕೊಂಡ. ನಮ್ಮ ಹುಡುಗರು ಊರು ಬಿಡೋಕೆ ಇದೂ ಒಂದು ಕಾರಣ ಅಂತ ಯಾರೂ ಲೆಕ್ಕ ಹಾಕುವುದಿಲ್ಲ.

ಆ ತಾಯಿಗೂ ಮುಚ್ಚಿದ ಬಾಗಿಲು ಬೇಕಿತ್ತು. ಎಲ್ಲರಿಗೂ ಬೇಕು. ಆದರೆ ಗಂಡ ಹೊಡೆದ ಅಂತ ಹೊರಗೆ ಗೊತ್ತಾದರೆ ಅಯ್ಯೋ ಪಾಪ ಅನ್ನುವವರು ನಾಲ್ಕು ಜನ ಇರುತ್ತಾರೆ. ಇವನ ವಿಷಯ ಗೊತ್ತಾದರೆ ತಂಗಿಗೆ ಗಂಡು ಬರುವುದಿಲ್ಲ, ತೋಟದ ಬೇಲಿ ಜಗಳದಲ್ಲೂ ಅದನ್ನೇ ಎತ್ತಿ ಆಡುತ್ತಾರೆ.

ಇವರಿಗೆ ಮನಸ್ಸಿನ ತೊಂದರೆ ಯಾಕೆ ಜಾಸ್ತಿ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಹುಟ್ಟಿನಿಂದ ಬಂದ ತೊಂದರೆ ಅಲ್ಲ ಅದು, ಬಚ್ಚಿಟ್ಟುಕೊಂಡು ಬದುಕುವುದರಿಂದ ಬರುವುದು. ಅವನ ಫೋನಿನಲ್ಲಿ ಗೆಳೆಯನ ನಂಬರ್ 'ಗ್ಯಾಸ್ ಬುಕಿಂಗ್' ಅಂತ ಇತ್ತು. ಮನೆಯಲ್ಲಿ ಫೋನ್ ಬಂದಾಗಲೆಲ್ಲ ಸಿಲಿಂಡರ್ ಬಗ್ಗೆ ಮಾತಾಡಬೇಕು. ನಡೆಯುವಾಗ ಕೈ ಹೇಗೆ ಬೀಸುತ್ತಿದ್ದೇನೆ ಅಂತ ನೋಡಿಕೊಳ್ಳಬೇಕು. ಮದುವೆ ಮನೆಗೆ ಹೋದರೆ ಎಲೆ ಮುಂದೆ ಕೂತಾಗ ಎಲ್ಲರದ್ದೂ ಒಂದೇ ಮಾತು, "ನೀನ್ಯಾವಾಗ ಊಟ ಹಾಕಿಸ್ತೀಯಾ?" ನಗಬೇಕು. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ನಿದ್ದೆ ಎಲ್ಲಿಂದ ಬರಬೇಕು ಹೇಳಿ.

ಇದು ಬೆಂಗಳೂರಿನವರ ಶೋಕಿ, ನಮ್ಮ ಕಡೆ ಇಲ್ಲ ಅನ್ನುವವರನ್ನು ನನ್ನ ಅಂಗಡಿಯಲ್ಲಿ ಒಂದು ತಿಂಗಳು ಕೂರಿಸಬೇಕು. ನಾನು ಕೇಳೋಕೆ ಕಲಿತ ಮೇಲೆ ಜನ ಹೇಳೋಕೂ ಶುರು ಮಾಡಿದರು. ಹಾಸನದ ಗಾರ್ಮೆಂಟ್ಸಿಗೆ ಹೋಗುವ ಒಬ್ಬ ಹುಡುಗಿ ವಾರಕ್ಕೆ ಎರಡು ಸಲ ತಲೆನೋವಿನ ಮಾತ್ರೆಗೆ ಬರುತ್ತಿದ್ದಳು. ಯಾಕಮ್ಮ ಇಷ್ಟು ತಲೆನೋವು ಅಂದರೆ, ನಿಶ್ಚಿತಾರ್ಥ ಆಗಿದೆ ಅಣ್ಣ ಅಂತ ಅತ್ತಳು. ಜೊತೆಗೆ ಬಂದಿದ್ದ ಗೆಳತಿ ಅಂಗಡಿಯ ಹೊರಗೆ ಕಂಬಕ್ಕೆ ಒರಗಿ ನಿಂತು ಅವಳೂ ಅಳುತ್ತಿದ್ದಳು. ನಾನು ಇನ್ನೇನೂ ಕೇಳಲಿಲ್ಲ. ಒಂದು ಫೋನ್ ನಂಬರ್ ಬರೆದು ಕೊಟ್ಟೆ. ಆ ಮದುವೆ ನಡೆಯಿತಾ ಇಲ್ವಾ, ನನಗೆ ತಿಳಿಯಲಿಲ್ಲ.

ಇನ್ನೊಬ್ಬರು ಲಿಂಗತ್ವ ಅಲ್ಪಸಂಖ್ಯಾತರು, ಅಂದರೆ ಗಂಡು ಅಂತ ಬೆಳೆಸಿದರೂ ಹೆಣ್ಣಾಗಿ ಬದುಕುವವರು, ವಾರಕ್ಕೊಮ್ಮೆ ಅಂಗಡಿ ಬೀದಿಗೆ ಬರುವವರು. ಹೆಂಗಸರ ಗರ್ಭನಿರೋಧಕ ಮಾತ್ರೆ ಕೇಳುತ್ತಿದ್ದರು, ಡಬ್ಬಿಗಟ್ಟಲೆ. ಅದರಲ್ಲಿ ಹಾರ್ಮೋನ್ ಇರುತ್ತೆ ಅಂತ ಯಾರೋ ಹೇಳಿದ್ದರಂತೆ. ಅದು ಅಪಾಯ, ರಕ್ತ ಹೆಪ್ಪುಗಟ್ಟಬಹುದು, ಡಾಕ್ಟರಿಗೆ ತೋರಿಸಿ ಅಂದೆ. "ಯಾವ ಡಾಕ್ಟ್ರು ಅಣ್ಣ? ಹೆಸರು ಹೇಳಿ, ಹೋಗ್ತೀನಿ" ಅಂದರು. ಹೇಳೋಕೆ ನನ್ನ ಹತ್ತಿರ ಹೆಸರಿರಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದ 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗಳಿಂದ ಗುರುತಿನ ಪತ್ರ ಪಡೆಯಬಹುದು ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1 ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಅದೇ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅದನ್ನು ಟಿವಿಯಲ್ಲಿ ನೋಡಿ ನಮ್ಮ ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಅದೇ ಬೀದಿಯಲ್ಲಿ ಇವರಿಗೆ ಬಾಡಿಗೆಗೆ ಒಂದು ಮನೆ ಸಿಗಲಿಲ್ಲ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಜಿಲ್ಲಾ ಆರೋಗ್ಯಾಧಿಕಾರಿಗಳೇ, ಹೊಸ ಕಟ್ಟಡ ಬೇಡ. ಮಂಗಳವಾರದ ಆ ಕೋಣೆಗೆ ಬಾಗಿಲು ಹಾಕಿಸಿ. ಒಬ್ಬರು ಒಳಗಿದ್ದಾಗ ಇನ್ನೊಬ್ಬರನ್ನು ಬಿಡಬೇಡಿ. ಹೆಸರು ಕೂಗುವ ಬದಲು ಟೋಕನ್ ನಂಬರ್ ಕೂಗಿಸಿ. ವಯಸ್ಸಿಗೆ ಬಂದವರು ಬಂದರೆ ಮನೆಯವರನ್ನು ಹತ್ತು ನಿಮಿಷ ಹೊರಗೆ ಕೂರಿಸಿ, ಅವರೊಬ್ಬರನ್ನೇ ಮಾತಾಡಿಸಿ. ನಿಮ್ಹಾನ್ಸ್ ಇರುವುದು ನಮ್ಮ ರಾಜ್ಯದಲ್ಲೇ. ತಾಲ್ಲೂಕಿನ ಆಪ್ತಸಮಾಲೋಚಕರಿಗೆ, ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ವಿಷಯದಲ್ಲಿ ಕನ್ನಡದಲ್ಲೇ ತರಬೇತಿ ಕೊಡಿಸಿ. ಚೀಟಿ ಕಿಟಕಿಯಲ್ಲಿ ಕೂರುವವರನ್ನೂ ಬಿಡಬೇಡಿ. ನನ್ನ ಪ್ರಕಾರ ಮೊದಲು ತರಬೇತಿ ಬೇಕಾಗಿರುವುದು ಅವರಿಗೇ. ಎಷ್ಟೋ ಜನ ಆ ಕಿಟಕಿಯಿಂದಲೇ ವಾಪಸ್ ಹೋಗುತ್ತಾರೆ.

ನನ್ನ ವೃತ್ತಿಯವರಿಗೂ ಒಂದು ಮಾತು. ಚೀಟಿ ಓದಿ. ಸಂಶಯ ಬಂದರೆ ಬರೆದ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಕೇಳುವ ಹಕ್ಕು ನಮಗಿದೆ. ನಾನು ಕೇಳಲಿಲ್ಲ.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಗಾರ್ಮೆಂಟ್ಸ್ ಹುಡುಗಿಗೆ ನಾನು ಬರೆದು ಕೊಟ್ಟ ನಂಬರ್ ಇದೇ. ಕೊಡುವ ಮೊದಲು ಒಂದು ರಾತ್ರಿ ಅಂಗಡಿ ಶಟರ್ ಎಳೆದು ನಾನೇ ಫೋನ್ ಮಾಡಿ ನೋಡಿದ್ದೆ. ನನ್ನ ಅಕ್ಕನ ಮಗ ಹೀಗಿದ್ದಾನೆ, ಅವನ ಜೊತೆ ಏನು ಮಾತಾಡಬೇಕು ಅಂತ ಕೇಳಿದೆ. ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡು, "ಮೊದಲು ಅವರು ಊಟ ಮಾಡಿದ್ರಾ ಕೇಳಿ ಸರ್, ಆಮೇಲೆ ಅವರು ಹೇಳಿದ್ದನ್ನ ಸುಮ್ನೆ ಕೇಳಿಸ್ಕೊಳ್ಳಿ" ಅಂದಳು. ಇಂಥ ನಂಬರನ್ನು ಬಸ್ಸಿನ ಹಿಂದೆ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ಹಾಲಿನ ಡೇರಿಯಲ್ಲಿ ಬರೆಸೋಕೆ ಎಷ್ಟು ಖರ್ಚಾಗುತ್ತೆ?

ತಂದೆ ತಾಯಿಗಳನ್ನೂ ಮರೆಯಬಾರದು. ನನ್ನ ಅಕ್ಕ ಎರಡು ವರ್ಷ ಕೊಟ್ಟಿಗೆಗೆ ಹೋಗಿ ಅಳುತ್ತಿದ್ದಳು, ಮನೆಯೊಳಗೆ ಅತ್ತರೆ ಅತ್ತೆ ಯಾಕೆ ಅಂತ ಕೇಳುತ್ತಾರಲ್ಲ. ತನ್ನ ಹಾಗೇ ಇರುವ ಇನ್ನೊಬ್ಬ ತಾಯಿ ಬೆಂಗಳೂರಿನಲ್ಲಿ ಸಿಕ್ಕಿ, ಅವರ ಜೊತೆ ಫೋನಿನಲ್ಲಿ ಮಾತಾಡೋಕೆ ಶುರು ಮಾಡಿದ ಮೇಲೆ ಅವಳಿಗೆ ಅನ್ನ ಸೇರಿತು. ನಮ್ಮ ಜಿಲ್ಲೆಯಲ್ಲಿ ಅಂಥ ನಾಲ್ಕು ತಾಯಂದಿರು ತಿಂಗಳಿಗೊಮ್ಮೆ ಕೂತು ಕಾಫಿ ಕುಡಿಯುವ ಒಂದು ಜಾಗ ಇದ್ದಿದ್ದರೆ ಎಷ್ಟೋ ಮುಂಚೆ ಅವಳು ಚೇತರಿಸಿಕೊಳ್ಳುತ್ತಿದ್ದಳು. ಈಗ ಹಾಸನಾಂಬೆ ಬಾಗಿಲು ಮತ್ತೆ ತೆಗೆದಿದೆ. ಹೋದ ವಾರ ಅಕ್ಕ ಹೋಗಿ ಬಂದಳು. ಏನು ಬೇಡಿಕೊಂಡೆ ಅಂತ ಕೇಳಿದೆ. "ಅವತ್ತು ಅವನು ಬದಲಾಗಲಿ ಅಂತ ಬೇಡ್ಕಂಡಿದ್ದೆ. ಈಸಲ, ಅವನಿಗೆ ನಿದ್ದೆ ಬರಲಿ ತಾಯಿ ಅಂದೆ" ಅಂದಳು. ಭಾವ ಇನ್ನೂ ಮಗನ ಗೆಳೆಯನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಆದರೆ ಮಗ ಬಸ್ ಹತ್ತುವಾಗ ಎರಡು ಕೆ.ಜಿ. ಕಾಫಿ ಪುಡಿ ಕೊಡುತ್ತಾರೆ. ಒಬ್ಬನಿಗೆ ಎರಡು ಕೆ.ಜಿ. ಬೇಕಾಗಲ್ಲ ಅಂತ ಅವರಿಗೆ ಗೊತ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ನನಗೆ ಹುಷಾರಿಲ್ಲದಾಗ ನನ್ನ ಪರವಾಗಿ ಇವರು ನೋಡಿಕೊಳ್ಳಲಿ ಅಂತ ಒಬ್ಬರನ್ನು ನಾವೇ ಹೆಸರಿಸಬಹುದು. ರಕ್ತಸಂಬಂಧಿಯೇ ಆಗಬೇಕಾಗಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಮನೆಯವರ ಕಡೆಯಿಂದಲೇ ಕಷ್ಟ ಇರುವವರಿಗೆ ಇದು ದೊಡ್ಡ ಆಸರೆ. ನನ್ನ ಅಕ್ಕನ ಮಗ ಹೋದ ವರ್ಷ ಅಂಥದ್ದೊಂದು ಹಾಳೆ ಬರೆದು ನನ್ನ ಕೈಗೆ ಕೊಟ್ಟ. ಅದರಲ್ಲಿ ನನ್ನ ಹೆಸರಿತ್ತು. "ಗೆಳೆಯನ ಹೆಸರು ಬರೀಬೇಕಿತ್ತು" ಅಂದೆ. "ಅವನೂ ಹೆದರ್ತಾನೆ ಮಾವ, ಈಗ ನೀವಿರಿ" ಅಂದ. ಆ ಹಾಳೆ ಅಂಗಡಿಯ ಡ್ರಾದಲ್ಲಿ, ಆ ಹಳೇ ರಿಜಿಸ್ಟರಿನ ಮೇಲೆಯೇ ಇದೆ.

ಕೊನೆಗೆ ನಿಮಗೆ ಒಂದು ಬಿನ್ನಹ ಸಂಪಾದಕರೇ. ಇಬ್ಬರು ಹುಡುಗಿಯರು ಜೀವ ಕಳೆದುಕೊಂಡ ಸುದ್ದಿ ಬಂದಾಗ 'ಅಸಹಜ', 'ವಿಕೃತ' ಅನ್ನುವ ಪದ ಹಾಕಬೇಡಿ. ಲಾಡ್ಜಿನಲ್ಲಿ ಸಿಕ್ಕಿಬಿದ್ದರು ಅಂತ ಯಾರದ್ದೋ ಫೋಟೊ ಹಾಕಬೇಡಿ. ಮುಂದಿನ ಅಕ್ಟೋಬರ್ 10ರ ಪುಟದಲ್ಲಿ ಇವರಿಗೂ ಜಾಗ ಕೊಡಿ. ಈ ಪತ್ರದ ಕೆಳಗೆ 14416 ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಓದಿ ಮಡಿಸಿಟ್ಟ ನಿಮ್ಮ ಪತ್ರಿಕೆಯಲ್ಲೇ ನಾನು ಗಿರಾಕಿಗಳಿಗೆ ಸಾಮಾನು ಸುತ್ತಿ ಕೊಡುವುದು. ಪೇಪರ್ ತರಿಸದ ಮನೆಗಳಿಗೂ ಅದು ಹಾಗೆ ಹೋಗುತ್ತೆ. ಬಿಚ್ಚಿದವರು ಯಾರಾದರೂ ಓದುತ್ತಾರೆ.

ಇಂತಿ,
ಒಬ್ಬ ಔಷಧಿ ಅಂಗಡಿಯವನು
ಹಾಸನ ಜಿಲ್ಲೆ
(ಹೆಸರು, ವಿಳಾಸವನ್ನು ಪತ್ರಿಕೆಗೆ ತಿಳಿಸಿದ್ದೇನೆ)